ತಲೆಯಿಂದ ಇಳಿದ ಬಣ್ಣ

ಪುಣೆಯ ಮುಕುಂದನಗರದ ಕ್ರೀಡಾಂಗಣದಲ್ಲಿ, ಡಿಸೆಂಬರಿನ ಚಳಿ ಕಿವಿ ಹಿಂಡುತ್ತಿದ್ದ ಒಂದು ಸಂಜೆ, ಸವಾಯಿ ಗಂಧರ್ವ ಭೀಮಸೇನ ಮಹೋತ್ಸವದ ಚಪ್ಪರದೊಳಗೆ ಕುರ್ಚಿಗಳ ಸಾಲುಗಳನ್ನು ಎಣಿಸಿಕೊಳ್ಳುತ್ತ ನನ್ನ ಸ್ಥಾನವನ್ನು ಅರಸುತ್ತಿದ್ದಾಗ, ಎದುರಿನಿಂದ ಬಂದ ತರುಣನೊಬ್ಬನ ವೇಷವನ್ನು ಕಂಡು, ಯಾರೋ ಈ ರಾತ್ರಿ ವೇದಿಕೆಯೇರತಕ್ಕ ಕಲಾವಿದರಿರಬೇಕೆಂದು ಬಗೆದು, ಗೌರವದಿಂದ ಪಕ್ಕಕ್ಕೆ ಸರಿದು ದಾರಿಬಿಟ್ಟೆನು. ಅರಿಸಿನಕ್ಕಿಂತ ಒಂದು ಪಾಲು ಗಾಢವಾದ ಹಳದಿಯ ತೋಳಿಲ್ಲದ ಜಾಕೀಟು, ಅದರ ಮೇಲೆಲ್ಲ ಸಣ್ಣ ಸಣ್ಣ ಕೆಂಪು ಬುಟ್ಟಾ, ಒಳಗೆ ಗಿಳಿಹಸಿರಿನ ಉದ್ದ ಕುರ್ತಾ, ಬಲಗಿವಿಯ ಮೇಲಂಚಿನಲ್ಲಿ ಎರಡು ಮುತ್ತುಗಳ ನಡುವೆ ಒಂದು ಕೆಂಪು ಹರಳನ್ನು ಹಿಡಿದ ಭಿಕ್‌ಬಾಳಿ, ಕಾಲಲ್ಲಿ ಚರ್ರೆನ್ನುವ ಕೊಲ್ಹಾಪುರಿ ಚಪ್ಪಲಿ: ಇಷ್ಟನ್ನೂ ಒಂದೇ ಶರೀರದ ಮೇಲೆ ಹೊತ್ತುಕೊಂಡು, ಹೊತ್ತಿದ್ದೇನೆಂಬ ಭಾರವೇ ಇಲ್ಲದವನಂತೆ ನಡೆದುಬಂದ ಆ ಮನುಷ್ಯ ನನ್ನೆದುರಿಗೆ ನಿಂತು ನಕ್ಕನು.

"ಅಜ್ಜಾ, ನಾನ. ಗುರ್ತು ಸಿಗಲಿಲ್ಲೇನು?"

ಅವನು ನನ್ನ ತಂಗಿಯ ಮೊಮ್ಮಗ. ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಓದಿ, ಎರಡು ವರ್ಷಗಳಿಂದ ಹಿಂಜವಡಿಯ ಗಾಜಿನ ಕಟ್ಟಡವೊಂದರಲ್ಲಿ ಗಣಕಯಂತ್ರದ ಮುಂದೆ ಕುಳಿತು ಸಂಬಳ ತೆಗೆದುಕೊಳ್ಳುವ ಹುಡುಗ. ಜಾಕೀಟಿನ ಬಟ್ಟೆಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದೆ. ನನ್ನ ಅನುಮಾನ ಸುಳ್ಳಾಗಲಿಲ್ಲ.

"ಇದು ನಿಮ್ಮಜ್ಜಿ ಕುಪ್ಪಸದ ಖಣ ಅಲ್ಲೇನೋ?"

"ಹೌದಜ್ಜಾ, ಗುಳೇದಗುಡ್ಡದ್ದ. ಅಜ್ಜಿಗೆ ಒಪ್ಪಿದ್ದು ನನಗ್ಯಾಕ ಒಪ್ಪಬಾರದು?"

ಉತ್ತರ ಹೊಳೆಯುವುದರೊಳಗಾಗಿ ತಂಬೂರಿಗಳು ಶ್ರುತಿಗೂಡಿದವು. ಸವಾಯಿ ಗಂಧರ್ವರೆಂದು ಹೆಸರಾದ ಕುಂದಗೋಳದ ರಾಮಭಾವೂ ಅವರ ಸ್ಮರಣೆಗಾಗಿ ಗದುಗಿನ ಭೀಮಸೇನರು 1953ರಲ್ಲಿ ಈ ಊರಿನಲ್ಲಿ ನೆಟ್ಟ ಉತ್ಸವವಿದು. ಅಲ್ಲಿ ಗಾಯನ ಮೊದಲಾದ ಮೇಲೆ ಬಟ್ಟೆಯ ವಿಚಾರ ಮಾಡುವುದು ಅಪರಾಧವೆಂದೇ ನಾನು ನಂಬಿದ್ದವನು. ಆದರೂ ಆ ರಾತ್ರಿ ವಿಲಂಬಿತದ ಬಡತ್ ನಡೆಯುತ್ತಿದ್ದಾಗ ನನ್ನ ಕಣ್ಣು ಗಾಯಕರನ್ನು ಬಿಟ್ಟು ಶ್ರೋತೃಗಳ ಮೇಲೆ ಅಲೆದಾಡಿತು. ನನ್ನ ವಯಸ್ಸಿನವರು ಬಿಳಿ, ಬೂದಿ, ಕಂದು, ಹೆಚ್ಚೆಂದರೆ ಮಾಸಲು ನೀಲಿ; ಮೊಮ್ಮಕ್ಕಳ ವಯಸ್ಸಿನ ಗಂಡಸರು ನೇರಿಳೆ, ಕಿತ್ತಳೆ, ದಾಳಿಂಬೆ. ಮಧ್ಯಾಹ್ನದ ಬಿಸಿಲಿಗೆ ಬಾಡಿದ ತೋಟವೊಂದರ ನಡುನಡುವೆ ಯಾರೋ ಹೊಸದಾಗಿ ನೀರೆರೆದ ಪಾತಿಗಳಂತೆ ಆ ದೃಶ್ಯವಿದ್ದಿತು.

ಇದನ್ನು ಕಂಡವರಲ್ಲಿ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ಕಾಲ ಕೆಟ್ಟಿತು, ಸಿನಿಮಾ ಕೆಡಿಸಿತು, ಗಂಡಸರು ಹೆಂಗಸರ ಬಣ್ಣಗಳನ್ನು ಉಡತೊಡಗಿದರು ಎಂಬುದು. ನಾನೂ ಬಹುಕಾಲ ಹಾಗೆಯೇ ಅಂದುಕೊಂಡಿದ್ದೆನು. ಆದರೆ ಪುಣೆಯಂಥ ಊರಿನಲ್ಲಿ ಐದು ದಶಕಗಳಷ್ಟು ಕಾಲ ಬದುಕಿ, ಅಲ್ಲಿಯ ಚಿತ್ರಗಳನ್ನೂ ಪ್ರತಿಮೆಗಳನ್ನೂ ಮೆರವಣಿಗೆಗಳನ್ನೂ ನೋಡುತ್ತ ಬಂದವನಿಗೆ ಬೇರೊಂದು ಸಂಗತಿ ಮೆಲ್ಲಮೆಲ್ಲನೆ ಅರಿವಿಗೆ ಬರುತ್ತದೆ. ಗಂಡಸಿನ ಬಣ್ಣ ಎಲ್ಲಿಂದಲೋ ಹೊಸದಾಗಿ ಬಂದದ್ದಲ್ಲ. ಅದು ಮೊದಲಿನಿಂದಲೂ ಇದ್ದೇ ಇದ್ದಿತು. ಆದರೆ ಅದಕ್ಕೆ ಗೊತ್ತಾದ ಒಂದು ಪೀಠವಿದ್ದಿತು, ಗೊತ್ತಾದ ಒಂದು ಅಪ್ಪಣೆಯಿದ್ದಿತು. ಪೀಠ ತಪ್ಪಿದ ಮೇಲೆ ಕೆಲವು ಕಾಲ ಅದು ನೆಲೆಯಿಲ್ಲದೆ ಅಲೆಯಿತು. ಈಗ ಅಪ್ಪಣೆ ಕೇಳದೆಯೇ ಅಂಗಿಯ ಮೇಲೆ ಬಂದು ಕುಳಿತಿದೆ.

ಎಷ್ಟು ಹಿಂದೆ ಹೋದರೂ ಈ ಮಾತಿಗೆ ಸಾಕ್ಷಿ ಸಿಗುತ್ತದೆ. ನಮ್ಮ ಕಲ್ಯಾಣದ ಚಾಲುಕ್ಯರಲ್ಲಿ ಭೂಲೋಕಮಲ್ಲನೆಂದು ಬಿರುದಾಂಕಿತನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ವಿಶ್ವಕೋಶದಲ್ಲಿ, ರಾಜನು ಸೇವಿಸತಕ್ಕ ಭೋಗಗಳ ಪೈಕಿ ವಸ್ತ್ರೋಪಭೋಗವೆಂಬ ಒಂದು ಪ್ರಕರಣವೇ ಇದೆ. ಅನ್ನ, ಪಾನ, ಗಂಧ, ಮಾಲ್ಯಗಳ ಜೊತೆಗೆ ವಸ್ತ್ರವನ್ನೂ ಶಾಸ್ತ್ರದ ಮರ್ಯಾದೆಗೆ ಏರಿಸಿದ ಆ ದೊರೆ, ಸಿಂಹಳ, ಚೋಳ, ನಾಗಪಟ್ಟಣ, ಕಳಿಂಗ, ವಂಗ, ಮಹಾಚೀನ ಮೊದಲಾದ ಕಡೆಗಳಿಂದ ಬಂದ ಬಟ್ಟೆಗಳನ್ನು ಹೆಸರಿಸಿ, ಮಂಜಿಷ್ಠ, ಅರಗು, ಕುಸುಬೆ, ಅರಿಸಿನ, ನೀಲಿ ಎಂಬಿವುಗಳಿಂದ ಹುಟ್ಟಿದ ಬಣ್ಣಗಳನ್ನು ವಿವರಿಸಿ, ಋತುವಿಗೆ ತಕ್ಕಂತೆ ಅವನ್ನು ಆರಿಸಬೇಕೆಂದು ವಿಧಿಸುತ್ತಾನೆ. ಇಲ್ಲಿ ಗಮನಿಸತಕ್ಕದ್ದು, ಆರಿಸುವವನು ಪುರುಷ, ಉಡುವವನೂ ಪುರುಷ ಎಂಬುದು. ನಮ್ಮ ವಿಜಯಪುರ ಧಾರವಾಡಗಳ ಹೊಲಗಳಲ್ಲಿ ಇಂದಿಗೂ ಎಣ್ಣೆಗಾಗಿ ಬೆಳೆಯುವ ಕುಸುಬೆಯ ಹೂವಿನಿಂದ ಒಂದಾನೊಂದು ಕಾಲಕ್ಕೆ ಅರಸರ ಉತ್ತರೀಯಗಳು ಕೆಂಪೇರುತ್ತಿದ್ದವೆಂಬುದನ್ನು, ಆ ಮುಳ್ಳಿನ ಬೆಳೆಯ ನಡುವೆ ನಡೆದು ಕಾಲು ತರಚಿಸಿಕೊಂಡಿದ್ದ ನನ್ನ ಬಾಲ್ಯದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

ರಾಜನಿಗೆ ಶಾಸ್ತ್ರದ ಅಪ್ಪಣೆಯಿದ್ದಿತು, ಸರಿ. ಪುಣೆಯ ಪೇಶವೆಯರ ಕಾಲಕ್ಕೆ ಬಂದರೆ ಬಣ್ಣ ಎಲ್ಲಿ ಕುಳಿತಿತ್ತೆಂಬುದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಂಗ್ರೇಜಿ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟನು 1790ರಲ್ಲಿ ಪೇಶವೆಯ ದರಬಾರಿನಲ್ಲಿ ಒಪ್ಪಂದ ಮಾಡಿಕೊಂಡ ಸಂದರ್ಭವನ್ನು ಥಾಮಸ್ ಡೇನಿಯಲ್ ಎಂಬ ಚಿತ್ರಕಾರನು ಬಿಡಿಸಿದ ದೊಡ್ಡ ಪಟವೊಂದು ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿದೆ. ಅದರ ಪ್ರತಿಗಳನ್ನು ಪುಸ್ತಕಗಳಲ್ಲಿ ಅನೇಕರು ನೋಡಿರಬಹುದು. ಸಾಲುಸಾಲಾಗಿ ಕುಳಿತ ಸರದಾರರ ಮೈಮೇಲೆ ಬಿಳಿಯ ಜಾಮಾಗಳು. ಬಣ್ಣವೆಲ್ಲ ತಲೆಯ ಮೇಲಿನ ಪಾಗುಗಳಲ್ಲಿ. ಜೇಮ್ಸ್ ವೇಲ್ಸ್‌ನು 1792ರಲ್ಲಿ ಚಿತ್ರಿಸಿದ ಸವಾಯಿ ಮಾಧವರಾಯನ ಪಟದಲ್ಲಿಯೂ, ಪಕ್ಕದಲ್ಲಿ ನಾನಾ ಫಡಣವೀಸನನ್ನು ಕೂರಿಸಿಕೊಂಡ ಆ ಹದಿಹರೆಯದ ಪೇಶವೆ ಮುತ್ತುರತ್ನಗಳಿಂದ ಮೆರೆಯುತ್ತಾನೆ. ಅವನಿಗಿಂತ ಹಿಂದಿನ ಮಾಧವರಾಯ ಪೇಶವೆಯು, ರಣರಂಗದಲ್ಲಿ ಹೈದರನನ್ನು ಕಂಗೆಡಿಸಿದ ಆ ಬಿಗುಮುಖದ ಪುರುಷನು, ಪೈಠಣದ ನೇಕಾರರಿಂದ ಅಸಾವಳಿ ದುಪಟ್ಟಾಗಳನ್ನು ಕೆಂಪು, ಹಸಿರು, ಕೇಸರಿ, ದಾಳಿಂಬೆ, ಗುಲಾಬಿ ಎಂಬ ಬಣ್ಣಗಳಲ್ಲಿ ತರಿಸಿಕೊಂಡಿದ್ದನೆಂದು ಹೇಳುತ್ತಾರೆ. ಗುಲಾಬಿ ಎಂಬ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನು. ಕಾರಣವನ್ನು ಮುಂದೆ ಹೇಳುತ್ತೇನೆ.

ತಲೆಯೇ ಬಣ್ಣದ ಪೀಠವೆಂದೆನಷ್ಟೆ. ಆದರೆ ಆ ಪೀಠದ ಮೇಲೆ ಕೂತ ಬಣ್ಣ ಧರಿಸಿದವನ ಇಚ್ಛೆಯದಲ್ಲ, ಅವನ ಕುಲದ್ದು, ವೃತ್ತಿಯದು, ಪದವಿಯದು. ಹೆಸರು ಕೇಳುವುದಕ್ಕಿಂತ ಮೊದಲೇ ಪಾಗನ್ನು ನೋಡಿ ಜಾತಿಯನ್ನು ಹೇಳುತ್ತಿದ್ದ ಕಾಲ ಅದು. ದಿನವೂ ತಲೆಗೆ ಸುತ್ತಿಕೊಳ್ಳುತ್ತಿದ್ದ ಚಕ್ರೀಬಂಧದ ಸ್ಥಾನದಲ್ಲಿ, ಮೊದಲೇ ಸುತ್ತಿ ಸಿದ್ಧಪಡಿಸಿದ ಕೆಂಪು ಪುಣೇರಿ ಪಗಡಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ತಂದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೆಂದು ಪ್ರತೀತಿ. ತಿಲಕರ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ: ಬಿಳಿಯ ಧೋತರ, ಬಿಳಿಯ ಅಂಗರಖಾ, ಬಿಳಿಯ ಉಪರಣೆ, ಮೇಲೆ ಕೆಂಪಾದ ಆ ಪಗಡಿ. ಇಡೀ ಶರೀರ ವ್ರತಸ್ಥ, ತಲೆಯೊಂದೇ ಉತ್ಸವ. ಅದೇ ಊರಿನಲ್ಲಿ ಜೋತೀಬಾ ಫುಲೆಯವರ ತಲೆಯ ಮೇಲಿದ್ದ ದುಂಡಗಿನ ಪಾಗು ಬೇರೊಂದು ಲೋಕದ ಮಾತನ್ನು ಆಡುತ್ತಿದ್ದಿತು. ಈ ಎರಡು ಪಾಗುಗಳ ವ್ಯಾಜ್ಯ ಇನ್ನೂ ತೀರಿಲ್ಲವೆಂಬುದೇ ಆಶ್ಚರ್ಯ. ಪುಣೇರಿ ಪಗಡಿಗೆ 2009ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರಕಿತು. 2018ರಲ್ಲಿ ಶರದ ಪವಾರರು, ತಮ್ಮ ಪಕ್ಷದ ಸಭೆಗಳಲ್ಲಿ ಇನ್ನು ಮುಂದೆ ಫುಲೆಯವರ ಪಗಡಿಯನ್ನೇ ತೊಡಿಸಬೇಕೆಂದರು. 2019ರ ಆರಂಭದಲ್ಲಿ ಸಾವಿತ್ರೀಬಾಯಿ ಫುಲೆಯವರ ಹೆಸರು ಹೊತ್ತ ವಿಶ್ವವಿದ್ಯಾಲಯವು ಘಟಿಕೋತ್ಸವಕ್ಕೆ ಕಪ್ಪು ನಿಲುವಂಗಿಯನ್ನು ಬಿಟ್ಟು ದೇಶೀ ವೇಷವನ್ನೂ ಪುಣೇರಿ ಪಗಡಿಯನ್ನೂ ತಂದಾಗ, ಫುಲೆ ಪಗಡಿಯೇ ಬೇಕೆಂದು ಕೆಲವು ವಿದ್ಯಾರ್ಥಿಗಳು ಪ್ರತಿಭಟಿಸಿದರು. ಬಟ್ಟೆಯ ತುಂಡೊಂದು ಇಷ್ಟು ಮಾತನಾಡಬಲ್ಲುದಾದರೆ, ಬಾಬಾಸಾಹೇಬ ಅಂಬೇಡ್ಕರರು ಕಳಂಕವಿಲ್ಲದ ಸೂಟನ್ನು ಧರಿಸಿ ನಿಂತುದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಒಳ್ಳೆಯ ಬಟ್ಟೆಯ ಅಪ್ಪಣೆಯೇ ಯಾರಿಗೆ ನಿರಾಕೃತವಾಗಿತ್ತೋ ಅವರ ಕೇರಿಗಳ ಪ್ರತಿಮೆಗಳಲ್ಲಿ ಆ ಸೂಟು ಇಂದು ನೀಲಿಯಾಗಿ ಹೊಳೆಯುತ್ತಿದೆ.

ತಲೆಯ ಹೊರತು ಬೇರೆಲ್ಲಿಯೂ ಗಂಡಸಿಗೆ ಬಣ್ಣವಿರಲಿಲ್ಲವೇ ಎಂದರೆ, ಇದ್ದಿತು, ದೇವರ ಮನೆಯಲ್ಲಿದ್ದಿತು. ನಮ್ಮ ತಂದೆಯವರು ಧಾರವಾಡದ ಮಾಧ್ಯಮಿಕ ಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದವರು. ಬಿಳಿಯ ಧೋತರ, ಬಿಳಿಯ ಅಂಗಿ, ಕರಿಯ ಕೋಟು, ಕರಿಯ ಟೊಪ್ಪಿಗೆ. ಅವರ ಜೀವಮಾನವೆಲ್ಲ ಕರಿಹಲಗೆ ಸೀಮೆಸುಣ್ಣಗಳ ಎರಡು ಬಣ್ಣಗಳಲ್ಲಿ ಕಳೆಯಿತೆಂದು ಯಾರಾದರೂ ಹೇಳಬಹುದಾಗಿತ್ತು. ಆದರೆ ಪ್ರತಿದಿನ ಬೆಳಗಿನ ಆರು ಗಂಟೆಗೆ, ಸ್ನಾನ ಮುಗಿಸಿ ಒದ್ದೆಗೂದಲಿನಿಂದ ಅವರು ದೇವರ ಮುಂದೆ ಕುಳಿತಾಗ ಉಟ್ಟಿರುತ್ತಿದ್ದುದು ಕಡುನೇರಿಳೆಯ ರೇಶಿಮೆ ಮುಕಟಾ. ಹಳೆಯ ಮೈಸೂರಿನವರು ಅದನ್ನೇ ಮಗುಟವೆನ್ನುತ್ತಾರೆ. ದೀಪದ ಬೆಳಕಿನಲ್ಲಿ ಅದರ ಮಡಿಕೆಗಳಲ್ಲಿ ಕೆಂಪು ಓಡುತ್ತಿತ್ತು, ನೀಲಿ ಓಡುತ್ತಿತ್ತು. ಆ ಬಟ್ಟೆಯಲ್ಲಿ ಅವರು ಬೀದಿಗೆ ಇಳಿದಿದ್ದರೆ ಜಗತ್ತು ನಗುತ್ತಿತ್ತು. ದೇವರ ಮುಂದೆ ಉಟ್ಟಾಗ ಅದನ್ನು ಬಣ್ಣದ ಬಟ್ಟೆಯೆಂದು ಕೂಡ ಯಾರೂ ಗಮನಿಸುತ್ತಿರಲಿಲ್ಲ, ಅದು ಮಡಿ. ಪೂಜೆ ಮುಗಿದ ಹತ್ತು ನಿಮಿಷಕ್ಕೆ ಮುಕಟಾ ಗಳುವಿನ ಮೇಲೇರುತ್ತಿತ್ತು, ತಂದೆಯವರು ಬಿಳಿಯೊಳಗೆ ಇಳಿಯುತ್ತಿದ್ದರು.

ಹೀಗೆ ಅಪ್ಪಣೆ ಪಡೆದ ಇನ್ನೂ ಕೆಲವರಿದ್ದರು. ಮದುವಣಿಗನಿಗೆ ನಾಲ್ಕು ದಿನದ ಅಪ್ಪಣೆ. ದೇವರ ಚಾಕರಿಯವರಿಗೆ ಜನ್ಮದ ಅಪ್ಪಣೆ: ಪುಣೆಯ ಪೇಠಗಳಲ್ಲಿ ಬಣ್ಣಬಣ್ಣದ ಚಿಂದಿಗಳ ಘಾಗ್ರಾ ಕಟ್ಟಿ, ಹಣೆಗೆ ಕುಂಕುಮ ಬಳಿದು, ಬಾರುಕೋಲನ್ನು ಬೀಸಿಕೊಳ್ಳುತ್ತ ಬರುವ ಪೋತರಾಜ, ನವಿಲುಗರಿಯ ಟೊಪ್ಪಿಗೆಯ ವಾಸುದೇವ, ಕವಡೆಸರದ ಗೋಂಧಳಿ, ನಮ್ಮ ಕಡೆ ಅವರ ದಾಯಾದಿಗಳಾದ ದುರುಗಮುರಗಿಯವರು, ಗೊಂದಲಿಗರು. ಬಾಲ್ಯದಲ್ಲಿ ಇವರನ್ನು ಕಂಡು ನಾವು ಅಮ್ಮನ ಸೆರಗಿನ ಮರೆಗೆ ಓಡುತ್ತಿದ್ದುದು ಬಾರುಕೋಲಿನ ಭಯದಿಂದ ಮಾತ್ರವಲ್ಲ, ಅಷ್ಟೊಂದು ಬಣ್ಣ ಹೊತ್ತ ಗಂಡಸನ್ನು ಬೇರೆಲ್ಲಿಯೂ ಕಾಣದ ವಿಸ್ಮಯದಿಂದಲೂ ಇರಬಹುದು. ಆ ಅಪ್ಪಣೆಗೆ ತೆತ್ತ ಬೆಲೆಯೇನೆಂಬುದು, ಅವರು ಕೈಯೊಡ್ಡಿ ನಿಂತ ಬಾಗಿಲುಗಳಿಗೆ ಗೊತ್ತು.

ಇವರೆಲ್ಲರಿಗಿಂತ ದೊಡ್ಡ ಅಪ್ಪಣೆ ಪಡೆದವನು ನಟ. ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಶಾಕುಂತಲವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ತೆಗೆದರಷ್ಟೆ. ಅವರು ಕಟ್ಟಿದ ಮಂಡಳಿಯಲ್ಲಿಯೇ ಮುಂದೆ ನಾರಾಯಣ ಶ್ರೀಪಾದ ರಾಜಹಂಸನೆಂಬ ತರುಣ ಬಾಲಗಂಧರ್ವನಾಗಿ ಅರಳಿದನು. ಸ್ತ್ರೀಪಾತ್ರಗಳಲ್ಲಿ ಅವನು ಉಟ್ಟ ಪೈಠಣಿ, ಶಾಲು ಸೀರೆಗಳು ಪರದೆಯ ಬಟ್ಟೆಯವಲ್ಲ, ನಿಜವಾದ ರೇಶಿಮೆ ನಿಜವಾದ ಜರಿಯವು. ಅತ್ತರೂ ಆಭರಣವೂ ಹಾಗೆಯೇ. ಆ ರಸಿಕತೆಯ ಸಾಲ ಅವನನ್ನು ಬಹುಕಾಲ ಕಾಡಿತು. ಆದರೆ ಪುಣೆ ಮುಂಬಯಿಗಳ ಕುಲಸ್ತ್ರೀಯರು, ಸೀರೆಯ ನಿರಿಗೆ ಹೇಗೆ ಬೀಳಬೇಕು, ಸೆರಗು ಎಲ್ಲಿ ನಿಲ್ಲಬೇಕು, ಹೂವು ಮುಡಿಯ ಯಾವ ಮಗ್ಗುಲಿಗೆ ಕೂರಬೇಕು ಎಂಬುದನ್ನು ಒಬ್ಬ ಗಂಡಸನ್ನು ನೋಡಿ ಕಲಿತರೆಂಬುದು ನಮ್ಮ ವೇಷಭೂಷಣದ ಇತಿಹಾಸದಲ್ಲಿ ಅತ್ಯಂತ ಸ್ವಾರಸ್ಯದ ಸಂಗತಿ. ಗಂಡಸರಿಗೆ ಬಣ್ಣ ತಿಳಿಯದೆಂದು ಹೇಳುವವರು ಜಂಗಲೀ ಮಹಾರಾಜ ರಸ್ತೆಯಲ್ಲಿ ಅವನ ಹೆಸರು ಹೊತ್ತು 1968ರಿಂದ ನಿಂತಿರುವ ರಂಗಮಂದಿರದ ಮುಂದೆ ಒಂದು ಗಳಿಗೆ ನಿಲ್ಲಬೇಕು. ಪುಣೆಯ ಸಾರ್ವಜನಿಕ ಗಣೇಶೋತ್ಸವವನ್ನು 1892ರಲ್ಲಿ ಮೊದಲು ನಡೆಸಿದವರೆಂದು ಅನೇಕರು ಹೇಳುವ ಭಾವೂಸಾಹೇಬ ರಂಗಾರಿಯವರು ಕೂಡ ವೈದ್ಯ ವೃತ್ತಿಯವರಾದರೂ, ಅವರ ಮನೆತನ ಶಾಲು ಸೀರೆಗಳಿಗೆ ಬಣ್ಣ ಕಟ್ಟುವುದು. ರಂಗಾರಿಯೆಂಬ ಹೆಸರು ಬಂದದ್ದು ಅಲ್ಲಿಂದಲೇ. ಬಣ್ಣದ ಕೊಪ್ಪರಿಗೆಯಲ್ಲಿ ಮೊಳಕೈವರೆಗೆ ಅದ್ದಿ, ಯಾವ ಬಿಸಿಗೆ ಯಾವ ಛಾಯೆ ಏಳುತ್ತದೆಂದು ಬಲ್ಲವರು ಗಂಡಸರೇ ಆಗಿದ್ದರು. ತಾವು ಮಾತ್ರ ಬಿಳಿಯನ್ನುಟ್ಟು ಮನೆಗೆ ಹೋಗುತ್ತಿದ್ದರು.

ಪಾಗು ತಲೆಯಿಂದ ಇಳಿದದ್ದು ಹೇಗೆ ಎಂಬುದು ಎಲ್ಲರಿಗೂ ತಿಳಿದ ಕಥೆ, ಬೇಗ ಮುಗಿಸುತ್ತೇನೆ. ಯುರೋಪಿನ ಗಂಡಸು ಹದಿನೆಂಟನೆಯ ಶತಮಾನದ ಕೊನೆಗೆ ರೇಶಿಮೆ ಕಸೂತಿಗಳನ್ನು ಬಿಟ್ಟು ಕರಿಯ ಉಣ್ಣೆಯೊಳಗೆ ಹೊಕ್ಕನು. ಫ್ಲೂಗೆಲ್ ಎಂಬ ಮನಶ್ಶಾಸ್ತ್ರಜ್ಞ 1930ರಲ್ಲಿ ಇದನ್ನು ಪುರುಷರ ಮಹಾತ್ಯಾಗವೆಂದು ಕರೆದನು. ಆ ಕರಿಯ ಕೋಟು ನಮ್ಮ ಕಚೇರಿಗಳಿಗೂ ಬಂದು, ಕೆಲವು ಕಾಲ ಪಗಡಿಯೊಂದಿಗೆ ವಿಚಿತ್ರ ಸಂಸಾರ ಹೂಡಿ, ಕೊನೆಗೆ ಅದನ್ನು ಓಡಿಸಿತು. ಪರ್ಕಿನ್ ಎಂಬ ಹುಡುಗ 1856ರಲ್ಲಿ ಡಾಂಬರಿನಿಂದ ನೇರಿಳೆ ಬಣ್ಣವನ್ನು ತೆಗೆದ ಮೇಲೆ ರಾಸಾಯನಿಕ ಬಣ್ಣಗಳು ಅಗ್ಗವಾಗಿ ಸುರಿದು, ಎಲ್ಲರಿಗೂ ಎಟುಕಿದ ಬಣ್ಣ ದೊಡ್ಡವರಿಗೆ ಹಗುರಾಗಿ ತೋರಿರಲೂಬಹುದು. ಇತ್ತ 1905ರ ಅಕ್ಟೋಬರಿನಲ್ಲಿ ಪುಣೆಯ ವಿದ್ಯಾರ್ಥಿಗಳು ಸಾವರಕರರ ಮುಂದಾಳುತನದಲ್ಲಿ ವಿದೇಶೀ ಬಟ್ಟೆಗಳ ರಾಶಿಗೆ ಬೆಂಕಿಯಿಟ್ಟರು. ಮುಂದೆ ಖಾದಿ ಬಂದಿತು, ಬಿಳಿಯ ಟೊಪ್ಪಿಗೆ ಬಂದಿತು, ಬಿಳಿ ದೇಶದ ಬಣ್ಣವಾಯಿತು. ಆ ಬಿಳಿಯ ಮುಂದೆ ತಲೆ ತಗ್ಗಿಸುವವರಲ್ಲಿ ನಾನೂ ಒಬ್ಬ. ಆದರೆ ಸ್ವಾತಂತ್ರ್ಯ ಬಂದ ಮೇಲೆಯೂ ಗಂಡಸು ಆ ವ್ರತವನ್ನು ಬಿಡಲಿಲ್ಲ. ವ್ರತವೆಂಬುದನ್ನು ಮರೆತು ಸ್ವಭಾವವೆಂದುಕೊಂಡನು.

ನಾನು ಪುಣೆಗೆ ಬಂದುದು 1976ರಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ. ಮೂರನೆಯ ದೀಪಾವಳಿಗೆ, ಮೊದಲ ಬೋನಸ್ಸಿನ ಹಣದಿಂದ, ಲಕ್ಷ್ಮೀ ರಸ್ತೆಯಲ್ಲಿ ತಿಳಿಗುಲಾಬಿಯ ಒಂದು ಅಂಗಿಯ ಬಟ್ಟೆಯನ್ನು ಕೊಂಡೆನು. ಏಕೆ ಕೊಂಡೆನೆಂದು ಈಗಲೂ ಹೇಳಲಾರೆ. ಅಂಗಡಿಯವನು ಥಾನನ್ನು ಬಿಚ್ಚಿ ಎಸೆದಾಗ ಅದು ಹಲಗೆಯ ಮೇಲೆ ಹರಿದ ಬಗೆಯಿಂದ ಮನಸ್ಸು ಸೋತಿತು. ಹೊಲಿಸಿಕೊಂಡು ಕಚೇರಿಗೆ ಹೋದೆ. ಮೇಲಧಿಕಾರಿಗಳು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಇಡೀ ಕೊಠಡಿ ಕೇಳುವಂತೆ, ಇವತ್ತು ಹುಡುಗಿ ನೋಡುವ ಶಾಸ್ತ್ರವೋ, ಹುಡುಗಿಯೇ ನೀನೋ, ಎಂದು ಮರಾಠಿಯಲ್ಲಿ ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಅಂಗಿ ಅಂದು ಸಂಜೆ ಟ್ರಂಕಿಗೆ ಹೋದದ್ದು ಮತ್ತೆ ಹೊರಬರಲಿಲ್ಲ. ಕೆಲವು ವರ್ಷಗಳ ಮೇಲೆ ನನ್ನ ಹೆಂಡತಿ ಅದನ್ನು ದಿಂಬಿನ ಗಲೀಪು ಮಾಡಿದಳು. ರಣಧೀರನಾದ ಪೇಶವೆಯು ಬೇಕೆಂದು ಬರೆದು ತರಿಸಿಕೊಂಡ ಬಣ್ಣವದು ಎಂಬುದು ಆಗ ನನಗೆ ಗೊತ್ತಿದ್ದಿದ್ದರೆ ಏನು ಮಾಡುತ್ತಿದ್ದೆನೋ. ಬಹುಶಃ ಆಗಲೂ ನಗುತ್ತಲೇ ಇದ್ದೆನು.

ಅದೇ ದಿನಗಳಲ್ಲಿ ಊರಿನ ಇನ್ನೊಂದು ತುದಿಯ ಕೋರೇಗಾವ್ ಪಾರ್ಕಿನಲ್ಲಿ, 1974ರಲ್ಲಿ ಬಂದು ನೆಲೆಸಿದ್ದ ರಜನೀಶರ ಆಶ್ರಮದ ಸುತ್ತ, ಕೇಸರಿಯಿಂದ ಮೊದಲುಮಾಡಿ ಸಂಧ್ಯಾಕಾಶದ ಸಮಸ್ತ ಛಾಯೆಗಳನ್ನೂ ಉಟ್ಟ ವಿದೇಶೀ ಗಂಡಸರು ಸೈಕಲ್ಲು ತುಳಿಯುತ್ತಿದ್ದರು. ಭಾನುವಾರಗಳಂದು ನಾವು ಕೆಲವು ಗುಮಾಸ್ತರು ಅವರನ್ನು ನೋಡುವುದಕ್ಕೆಂದೇ ಬಂಡ್ ಗಾರ್ಡನ್ನಿನವರೆಗೆ ಹೋಗುತ್ತಿದ್ದುದುಂಟು. ಕಾವಿ ಎಂದರೆ ಎಲ್ಲವನ್ನೂ ಬಿಟ್ಟವರ ಬಣ್ಣವೆಂದು ಬಲ್ಲ ನಮಗೆ, ಏನನ್ನೂ ಬಿಟ್ಟಂತೆ ಕಾಣದ ಇವರ ಕಾವಿ ಅರ್ಥವಾಗುತ್ತಿರಲಿಲ್ಲ. ಈಗ ಯೋಚಿಸಿದರೆ ಅದೂ ಅಪ್ಪಣೆಯ ಬಣ್ಣವೇ. ಗುರುವು ಉಡೆಂದಾಗ ಉಟ್ಟರು, 1985ರಲ್ಲಿ ಬೇಕಿಲ್ಲವೆಂದಾಗ ಬಿಟ್ಟರು.

ಇಂದಿನ ತರುಣರ ಬಣ್ಣವೆಲ್ಲವೂ ಧೈರ್ಯದ್ದೆಂದು ಹೇಳಿ ನಾನು ವಾಚಕರನ್ನು ವಂಚಿಸಲಾರೆ. ಮದುವೆಗೆ ಮುಂಚಿನ ಅರಿಸಿನದ ದಿನ ಐವತ್ತು ಗಂಡಸರು ಒಂದೇ ಥಾನಿನ ಹಳದಿ ಕುರ್ತಾಗಳನ್ನು ತೊಟ್ಟು ನಿಲ್ಲುವುದೂ, ಗಣಪತಿ ವಿಸರ್ಜನೆಗೆ ಡೋಲು ತಾಶೆಗಳ ಪಥಕದವರೆಲ್ಲ ಒಂದೇ ಬಣ್ಣದ ಫೇಟಾ ಸುತ್ತಿಸಿಕೊಳ್ಳುವುದೂ ಕಣ್ಣಿಗೆ ಹಬ್ಬವೇ ಹೌದು. ಆದರೆ ಅದು ಗುಂಪಿನ ಬಣ್ಣ, ಸೈನ್ಯದ ಬಣ್ಣ. ಬಾಜೀರಾವ್ ಮಸ್ತಾನಿ ಎಂಬ ಚಲಚ್ಚಿತ್ರ 2015ರಲ್ಲಿ ಬಂದ ಮೇಲೆ ಕಿವಿ ಚುಚ್ಚಿಸಿಕೊಳ್ಳುವ ನೋವೂ ಬೇಡದ, ಒತ್ತಿ ಸಿಕ್ಕಿಸುವ ಭಿಕ್‌ಬಾಳಿಗಳು ತುಳಶೀಬಾಗಿನಲ್ಲಿ ರಾಶಿಬಿದ್ದುದನ್ನೂ ಕಂಡಿದ್ದೇನೆ. ನಮ್ಮ ಅಜ್ಜಂದಿರು ಒಂಟಿ, ಹತ್ತಕಡಕುಗಳಿಗಾಗಿ ಬೇವಿನಕಡ್ಡಿ ಸಿಕ್ಕಿಸಿಕೊಂಡು ಅನುಭವಿಸಿದ ಯಾತನೆಯ ಮುಂದೆ ಇದು ಬಹಳ ಅಗ್ಗದ ಶೃಂಗಾರ. ನನ್ನ ಆಸಕ್ತಿಯಿರುವುದು ಬೇರೆ ಕಡೆ: ಹಬ್ಬವಲ್ಲದ, ಮದುವೆಯಲ್ಲದ, ಮಳೆ ಜಿನುಗುವ ಒಂದು ಮಂಗಳವಾರ, ಒಬ್ಬನೇ, ಬಸ್ಸಿನಲ್ಲಿ, ಕನಕಾಂಬರ ಬಣ್ಣದ ಅಂಗಿ ತೊಟ್ಟು ನಿಂತ ಗಂಡಸಿನ ಕಡೆ. ಉಡುಪಿ ಸೀಮೆಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ ಮೂಲೆಯ ಮೇಜು ಹಿಡಿದು ಒಂದು ಗಂಟೆ ಕಾಫಿಯನ್ನು ತಣಿಸಿಕೊಂಡು ಕುಳಿತರೆ ಅಂಥವರು ಹತ್ತು ಮಂದಿಯಾದರೂ ಕಾಣುತ್ತಾರೆ. ಅವರನ್ನು ಉಳಿದ ಮೇಜಿನವರು ತಿರುಗಿ ನೋಡುವುದಿಲ್ಲ. ಆ ನೋಡದಿರುವಿಕೆಯೇ ದೊಡ್ಡ ಬದಲಾವಣೆ.

ಮೊಮ್ಮಗನೊಂದಿಗೆ ಒಮ್ಮೆ ಲಕ್ಷ್ಮೀ ರಸ್ತೆಗೆ ಹೋದಾಗ ನನ್ನ ಬಡತನವೊಂದು ಬಯಲಾಯಿತು. ಅವನು ಅಂಗಡಿಯವನೊಂದಿಗೆ ಮಾತನಾಡುತ್ತಿದ್ದ ಭಾಷೆ ಮರಾಠಿಯಾದರೂ ನನಗೆ ಅರ್ಥವಾಗದ ಮರಾಠಿ: ಅಬೋಲಿ, ಮೋತಿಯಾ, ಆಮಸುಲಿ, ಚಿಂತಾಮಣಿ, ರಾಣಿ, ಪೋಪಟಿ. ಎಲ್ಲವೂ ಬಣ್ಣದ ಹೆಸರುಗಳು. ನಮ್ಮ ತಾಯಿ ಸೀರೆಯ ಗಂಟಿನ ಮುಂದೆ ಕುಳಿತಾಗ ಆಡುತ್ತಿದ್ದ ಕನ್ನಡದಲ್ಲಿಯೂ ಇಂಥವೇ ಇದ್ದವು: ಈರುಳ್ಳಿ ಸಿಪ್ಪೆ, ನವಿಲುಗತ್ತು, ಗಿಳಿಹಸಿರು, ಬದನೆ ಹೂವು. ಅವು ನನ್ನ ಕಿವಿಯ ಮೇಲೆ ಬಿದ್ದಿದ್ದವೇ ಹೊರತು ನಾಲಗೆಗೆ ಬಂದಿರಲಿಲ್ಲ. ಗಂಡುಮಗನಾದ ನಾನು ಕೆಂಪು, ಹಸಿರು, ಹಳದಿ, ನೀಲಿ ಎಂಬ ನಾಲ್ಕು ಶಬ್ದಗಳಿಂದ ಎಪ್ಪತ್ತು ವರ್ಷ ಸಂಸಾರ ನಡೆಸಿದ್ದೆ.

"ಕಚೇರಿಯೊಳಗ ಯಾರೂ ಏನೂ ಅನ್ನೂದಿಲ್ಲೇನು?" ಎಂದು ಕೇಳಿದೆ.

"ಮೊದಲನೇ ದಿನ ಅಂತಾರ, ಅಜ್ಜಾ. ಎರಡನೇ ದಿನಾನೂ ಹಾಕ್ಕೊಂಡ್ ಹೋಗಬೇಕು. ಮೂರನೇ ದಿನ ಎಲ್ಲಿ ತೊಗೊಂಡಿ ಅಂತ ಕೇಳ್ತಾರ."

ಎರಡನೆಯ ದಿನ. ನಾನು ತಪ್ಪಿದ್ದು ಅಲ್ಲಿಯೇ. ಹಾಗೆಂದು ಈ ಹುಡುಗನೂ ಪೂರ್ಣ ನಿರ್ಭಯನೆಂದು ತಿಳಿಯಬಾರದು. ಹೋದ ಬೇಸಗೆಯಲ್ಲಿ ಹೆಣ್ಣು ನೋಡುವುದಕ್ಕೆಂದು ಧಾರವಾಡಕ್ಕೆ ಹೊರಟಾಗ ಅವನು ಭಿಕ್‌ಬಾಳಿಯನ್ನು ಕಳಚಿ, ಬಿಳಿಯ ಅಂಗಿಯನ್ನು ಇಸ್ತ್ರಿಮಾಡಿಸಿ ಇಟ್ಟುಕೊಂಡುದನ್ನು ನಾನು ಕಣ್ಣಾರೆ ಕಂಡೆ. ಕೇಳಿದರೆ, ಅವರ ಮನಿಯವರು ಹಳೇ ಕಾಲದವರಂತ, ಎಂದು ಮುಖ ತಿರುಗಿಸಿದನು. ಆ ಸಂಬಂಧ ಕೂಡಿಬರಲಿಲ್ಲ. ಬಿಳಿಯ ಅಂಗಿಯ ತಪ್ಪೇನೂ ಅದರಲ್ಲಿರಲಾರದು.

ಈ ಜ್ಯೇಷ್ಠದಲ್ಲಿ, ಜ್ಞಾನೋಬಾ ತುಕೋಬಾರ ಪಾಲಖಿಗಳು ಊರಿಗೆ ಬಂದು, ಬಿಳಿಯ ಸಮುದ್ರದಂಥ ವಾರಕರಿಗಳ ಮೇಲೆ ಕಾವಿಯ ಪತಾಕೆಗಳು ತೇಲಿಹೋದ ಮರುದಿನ, ಹಳೆಯ ಟ್ರಂಕನ್ನು ಬಿಸಿಲಿಗಿಡಲು ತೆರೆದಾಗ ತಂದೆಯವರ ಮುಕಟಾ ಕೈಗೆ ಬಂದಿತು. ಅವರು ಹೋದ ಮೇಲೆ ಅದನ್ನು ಯಾರೂ ಉಟ್ಟಿಲ್ಲ. ನನಗೆ ಅವರ ನಿಷ್ಠೆಯಿಲ್ಲ. ಮೊಮ್ಮಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಂಪೂ ನೀಲಿಯೂ ಓಡುವುದನ್ನು ನೋಡುತ್ತ ಬಹಳ ಹೊತ್ತು ನಿಂತು, "ಅಜ್ಜಾ, ಇದರೊಳಗ ನಿನಗೊಂದು ಜಾಕೀಟು ಆಗ್ತದ," ಎಂದನು. ಮಡಿಯ ಬಟ್ಟೆಗೆ ಸೂಜಿ ತಾಕಿದರೆ ಅದು ಮಡಿಯಾಗಿ ಉಳಿಯುವುದಿಲ್ಲ, ಅದು ಅಖಂಡವಾಗಿರತಕ್ಕದ್ದು, ಎಂದೆ. ಅವನು ವಾದಿಸಲಿಲ್ಲ, ಮಡಚಿ ನನ್ನ ಮಂಚದ ಮೇಲಿಟ್ಟು ಹೋದನು. ಎಂಟು ದಿನ ಅದು ಅಲ್ಲಿಯೇ ಇದ್ದಿತು. ರಾತ್ರಿ ದೀಪ ಆರಿಸುವಾಗ ಕಾಣುತ್ತಿತ್ತು, ಬೆಳಗ್ಗೆ ಎದ್ದಾಗ ಕಾಣುತ್ತಿತ್ತು.

ಒಂಬತ್ತನೆಯ ದಿನ ಅದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ಸದಾಶಿವ ಪೇಠೆಯ ಗಲ್ಲಿಯಲ್ಲಿರುವ ನಮ್ಮ ಹಳೆಯ ಶಿಂಪಿಯ ಅಂಗಡಿಗೆ ಹೋದೆನು. ನನ್ನ ಬಿಳಿಯ ಅಂಗಿಗಳನ್ನೆಲ್ಲ ಹೊಲಿದವನು ಅವನೇ. ಈಗ ಕಣ್ಣು ಮಂಜಾಗಿ ಮಗ ಕತ್ತರಿ ಹಿಡಿಯುತ್ತಾನೆ, ತಂದೆ ಅಳತೆ ಮಾತ್ರ ತೆಗೆಯುತ್ತಾನೆ. ಅವನು ಬಟ್ಟೆಯನ್ನು ಬಿಡಿಸಿ, ಮಡಿಕೆಗಳಲ್ಲಿ ಜೀರ್ಣವಾಗಿರುವ ಕಡೆ ಬೆರಳಾಡಿಸಿ, ಅಂಚನ್ನು ಮೂಗಿನ ಹತ್ತಿರ ಹಿಡಿದು, ಇದು ದೇವರ ಬಟ್ಟೆಯಲ್ಲವೇ ಕಾಕಾ, ಎಂದನು. ಹೌದೆಂದೆ. ಸುಣ್ಣದ ಕಡ್ಡಿಯನ್ನು ಕೈಯಲ್ಲಿ ಹಿಡಿದು ಅವನು ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ ಎದ್ದು ಚಪ್ಪಲಿ ಕಳಚಿಟ್ಟು ಬಂದು, ಬಟ್ಟೆಗೆ ಕೈಮುಟ್ಟಿಸಿ ಕಣ್ಣಿಗೊತ್ತಿಕೊಂಡು, ನನ್ನ ಹೆಗಲಿಗೆ ಅಳತೆಪಟ್ಟಿಯನ್ನು ಹಚ್ಚಿದನು. ಒಳಗಿನ ಅಸ್ತರಕ್ಕೆ ಯಾವ ಬಣ್ಣ ಹಾಕಲಿ ಎಂದು ಕೇಳಿದಾಗ, ಬಿಳಿಯೆಂಬ ಮಾತು ತುಟಿಯವರೆಗೆ ಬಂದಿದ್ದಿತು. ಮಗನು ಡಬ್ಬಿಯೊಳಗಿನ ಚೂರುಗಳನ್ನು ಹಲಗೆಯ ಮೇಲೆ ಸುರಿದನು. ಹೆಸರು ತೋಚಲಿಲ್ಲ, ಬೆರಳು ಮಾಡಿ ಒಂದನ್ನು ತೋರಿಸಿದೆ.

"ಅಬೋಲಿ," ಎಂದು ಹೇಳುತ್ತ ಅವನು ಪುಸ್ತಕದಲ್ಲಿ ಬರೆದುಕೊಂಡನು.